ಹಳೆಯ ಆಟಕ್ಕೆ ಹೊಸ ಯಂತ್ರ

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ)

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಟಿವಿ ಗೇಮನ್ನು ಕುರಿತು ಬರೆಯುವದು ಉಚಿತವೇ ಎಂದು ಕೆಲವು ವಾಚಕರು ಕೇಳಬಹುದು. ಆಟವೆಂದರೆ ಹೊತ್ತು ಕಳೆಯುವ ಸಾಧನ, ಅದಕ್ಕೆ ಶಾಸ್ತ್ರವೇನು ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ಆದರೆ ನಿಂತುಹೋದ ಒಂದು ಹಳೆಯ ಆಟವನ್ನು ಹೊಸ ಯಂತ್ರದಲ್ಲಿ ಮತ್ತೆ ನಡೆಸಬೇಕೆಂದು ನಾನು ಕಳೆದ ರಜೆಯಲ್ಲಿ ಕೈಹಾಕಿದಾಗ, ಪುಸ್ತಕದಲ್ಲಿ ಕಲಿಯದ ಕೆಲವು ಸಂಗತಿಗಳನ್ನು ಕಲಿತೆನು. ಅವುಗಳನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದ್ದರಿಂದ ನನಗೆ ತಿಳಿದ ಹಾಗೆ, ನಮ್ಮ ಭಾಗದ ಮಾತಿನಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಆ ಕ್ಯಾಸೆಟ್ಟಿನ ಕಥೆ. ನಮ್ಮದು ಕಾಗವಾಡ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಹಳ್ಳಿ. ಅವ್ವನ ತವರು ನಿಪ್ಪಾಣಿಯ ಕಡೆಗೆ. ನನ್ನ ಅಣ್ಣ ಶಾಲೆಯ ಸೂಟಿಯಲ್ಲಿ ಅಜ್ಜನ ಊರಿಗೆ ಹೋಗಿ ತಂಬಾಕಿನ ಕೆಲಸ ಮಾಡಿ, ಬಂದ ಪಗಾರದಲ್ಲಿ ನಿಪ್ಪಾಣಿಯ ಪೇಟೆಯಿಂದ ಒಂದು ಟಿವಿ ಗೇಮ್ ತಂದಿದ್ದ. ಅದು ೨೦೦೯ನೆಯ ಇಸವಿ. ನಾನಾಗ ಅಂಗನವಾಡಿಗೆ ಹೋಗುತ್ತಿದ್ದ ಹುಡುಗ. ಅಣ್ಣ ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟು ಸಕ್ಕರೆ ಕಾರಖಾನೆಯ ಹಂಗಾಮಿನ ಕೆಲಸಕ್ಕೆ ಹೋದ. ಇಬ್ಬರನ್ನೂ ಓದಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ. ನಾನು ಇಂದು ಪದವಿಯ ಹೊಸ್ತಿಲಲ್ಲಿ ನಿಂತಿರುವದು ಅವನು ಅಂದು ಪುಸ್ತಕ ಕೆಳಗಿಟ್ಟದ್ದರಿಂದ. ರಾತ್ರಿ ಪಾಳಿ ಮುಗಿಸಿ ಬಂದು ಅರ್ಧ ತಾಸು ಆ ಆಟ ಆಡುವದು ಅವನ ಒಂದೇ ವಿನೋದವಾಗಿತ್ತು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ.

೨೦೧೯ರ ಆಗಸ್ಟಿನಲ್ಲಿ ಕೃಷ್ಣೆಗೆ ಬಂದ ಮಹಾಪೂರವನ್ನು ನಮ್ಮ ಭಾಗದವರು ಮರೆಯುವಂತಿಲ್ಲ. ನಾವು ದನಗಳನ್ನು ಹೊಡೆದುಕೊಂಡು ಗಂಜಿ ಕೇಂದ್ರಕ್ಕೆ ಹೋದೆವು. ತಿರುಗಿ ಬಂದಾಗ ಟಿವಿ, ಆಟದ ಯಂತ್ರ ಎರಡೂ ಕೆಸರಿನಲ್ಲಿ ಮುಳುಗಿದ್ದವು. ಅಟ್ಟದ ಮೇಲಿನ ಟ್ರಂಕಿನಲ್ಲಿ ಹೊಲದ ಕಾಗದಪತ್ರಗಳ ಜೊತೆಗೆ ಅವ್ವ ಇಟ್ಟಿದ್ದ ಆ ಒಂದು ಕ್ಯಾಸೆಟ್ ಮಾತ್ರ ಒಣಗಿಕೊಂಡು ಉಳಿದಿತ್ತು. ಯಂತ್ರವನ್ನು ಚಿಕ್ಕೋಡಿಗೆ ಒಯ್ದು ರಿಪೇರಿಯವರಿಗೆ ತೋರಿಸಿದೆವು. ಒಳಗಿನ ಚಿಪ್ಪಿನ ಮೇಲೆ ಕರಿಯ ಅಂಟಿನ ಮುದ್ದೆ ಇರುವದರಿಂದ ಅದನ್ನು ತೆಗೆದು ಬೇರೆಯದನ್ನು ಕೂಡಿಸಲು ಬರುವದಿಲ್ಲವೆಂದು ಅವರು ಹೇಳಿದರು. ಅಣ್ಣ ಏನೂ ಅನ್ನಲಿಲ್ಲ. ಕ್ಯಾಸೆಟ್ ಮತ್ತೆ ಟ್ರಂಕಿಗೆ ಹೋಯಿತು.

ಈಗ ವಿಷಯಕ್ಕೆ ಬರೋಣ. ನಾವು ಕ್ಯಾಸೆಟ್ ಎಂದು ಕರೆಯುವ ಈ ವಸ್ತುವಿನಲ್ಲಿ ಹಾಡಿನ ಕ್ಯಾಸೆಟ್ಟಿನಂತೆ ಟೇಪು ಇರುವದಿಲ್ಲ. ಒಂದು ಸಣ್ಣ ಹಲಗೆ, ಅದರ ಮೇಲೆ ಒಂದೆರಡು ಚಿಪ್ಪು, ಕೆಳಗಡೆ ಅರುವತ್ತು ಹಿತ್ತಾಳೆಯ ಬಣ್ಣದ ಪಟ್ಟಿಗಳು. ಇಷ್ಟೇ. ಆ ಚಿಪ್ಪಿಗೆ ರೋಮ್ ಎಂದು ಹೆಸರು. ಅದನ್ನು ಓದಬಹುದು, ಅದರ ಮೇಲೆ ಬರೆಯಲಾಗದು. ಆಟದ ಆಜ್ಞೆಗಳು ಮತ್ತು ಚಿತ್ರಗಳು ಅದರಲ್ಲಿ ಕಲ್ಲಿನಲ್ಲಿ ಕೊರೆದ ಶಾಸನದಂತೆ ನಿಂತಿರುತ್ತವೆ. ಅದರ ಪ್ರತಿಯನ್ನು ಗಣಕಯಂತ್ರಕ್ಕೆ ಇಳಿಸಿಕೊಂಡರೆ ಆ ಫೈಲಿಗೂ ರೋಮ್ ಎಂದೇ ಕರೆಯುವದು ವಾಡಿಕೆ.

ನಮ್ಮ ಸಂತೆ ಪೇಟೆಗಳಲ್ಲಿ ಮಾರುತ್ತಿದ್ದ ಟಿವಿ ಗೇಮುಗಳ ಮೂಲ ಜಪಾನಿನಲ್ಲಿದೆ. ಅಲ್ಲಿಯ ನಿಂಟೆಂಡೊ ಕಂಪನಿ ೧೯೮೩ರ ಜುಲೈ ೧೫ರಂದು ಫ್ಯಾಮಿಕಾಮ್ ಎಂಬ ಯಂತ್ರವನ್ನು ಹೊರತಂದಿತು. ಅದರ ಕೇಂದ್ರದಲ್ಲಿ ಇದ್ದದ್ದು ೧೯೭೫ರ ೬೫೦೨ ಎಂಬ ಚಿಪ್ಪಿನ ವಂಶದ ಒಂದು ಪ್ರೊಸೆಸರ್. ಅದು ಸೆಕೆಂಡಿಗೆ ಸುಮಾರು ೧೭ ಲಕ್ಷ ೯೦ ಸಾವಿರ ಸಲ ಮಿಡಿಯುತ್ತಿತ್ತು. ಕೆಲಸದ ನೆನಪು, ಅಂದರೆ ರ್ಯಾಮ್, ಕೇವಲ ೨ ಕಿಲೋಬೈಟ್. ಚಿತ್ರ ಬರೆಯಲು ಬೇರೊಂದು ಚಿಪ್ಪು; ಪರದೆಯ ಮೇಲೆ ಅಡ್ಡಲಾಗಿ ೨೫೬, ಉದ್ದಕ್ಕೆ ೨೪೦ ಚುಕ್ಕೆಗಳು. ಈ ಯಂತ್ರದ ತದ್ರೂಪುಗಳು ಅನೇಕ ದೇಶಗಳಲ್ಲಿ ತಯಾರಾದವು. ೧೯೯೦ರ ದಶಕದಿಂದ ಭಾರತದ ಮನೆಗಳಿಗೆ ಟಿವಿ ಗೇಮ್ ಎಂದು ಬಂದವುಗಳಲ್ಲಿ ಬಹಳಷ್ಟು ಇಂಥ ತದ್ರೂಪುಗಳೇ. ಕ್ಯಾಸೆಟ್ಟಿನ ಮೇಲೆ ‘೯೯೯೯ ಆಟಗಳು’ ಎಂದು ಬರೆದಿರುತ್ತಿತ್ತು. ಒಳಗೆ ಅವೇ ಐದಾರು ಆಟಗಳು ತಿರುತಿರುಗಿ ಬರುತ್ತಿದ್ದವು. ನಮ್ಮದು ಅಂಥದಲ್ಲ. ಅದರಲ್ಲಿ ಒಂದೇ ಆಟ: ೧೯೮೫ರ ಸೂಪರ್ ಮಾರಿಯೋ ಬ್ರದರ್ಸ್.

ಈ ಇಡೀ ಆಟದ ಗಾತ್ರ ಎಷ್ಟೆಂದು ಬಲ್ಲಿರಾ? ಆಜ್ಞೆಗಳಿಗೆ ೩೨ ಕಿಲೋಬೈಟ್, ಚಿತ್ರಗಳಿಗೆ ೮ ಕಿಲೋಬೈಟ್, ಒಟ್ಟು ೪೦. ನೀವು ಈಗ ಓದುತ್ತಿರುವ ಈ ಲೇಖನವನ್ನು ಯುನಿಕೋಡಿನಲ್ಲಿ ಬೆರಳಚ್ಚು ಮಾಡಿಟ್ಟರೆ ಹೆಚ್ಚುಕಡಿಮೆ ಅಷ್ಟೇ ಜಾಗ ಬೇಕು. ಎಂಟು ಲೋಕಗಳು, ಪ್ರತಿಯೊಂದರಲ್ಲಿ ನಾಲ್ಕು ಹಂತಗಳು, ಹಾಡು, ಸದ್ದು ಎಲ್ಲವನ್ನೂ ಅಷ್ಟರಲ್ಲಿ ಅಡಗಿಸಿದ ಜನರ ಜಾಣತನಕ್ಕೆ ಆಶ್ಚರ್ಯಪಡಬೇಕು.

ಹಾಗಾದರೆ ಇಷ್ಟು ಸಣ್ಣ ಫೈಲನ್ನು ಇಂದಿನ ದೊಡ್ಡ ಯಂತ್ರ ಏಕೆ ನೇರವಾಗಿ ನಡೆಸಲಾರದು? ಇದಕ್ಕೆ ಉತ್ತರ ನಮ್ಮ ಗಡಿಭಾಗದವರಿಗೆ ಬೇಗ ತಿಳಿಯುತ್ತದೆ. ಅದು ಭಾಷೆಯ ತೊಡಕು. ೬೫೦೨ ಚಿಪ್ಪಿಗೆ ‘ಎ೯ ೦೫’ ಎಂಬ ಎರಡು ಬೈಟ್ ಕೊಟ್ಟರೆ ‘ಐದು ಎಂಬ ಸಂಖ್ಯೆಯನ್ನು ಕೈಯಲ್ಲಿ ಹಿಡಿ’ ಎಂದು ಅದು ತಿಳಿಯುತ್ತದೆ. ಇಂದಿನ ಕೈಯಂತ್ರಗಳಲ್ಲಿರುವ ಆರ್ಮ್ ಜಾತಿಯ ಪ್ರೊಸೆಸರಿಗೆ ಅದೇ ಬೈಟುಗಳು ಬೇರೆಯೇ ಅರ್ಥ ಕೊಡುತ್ತವೆ, ಇಲ್ಲವೆ ಅರ್ಥವನ್ನೇ ಕೊಡುವದಿಲ್ಲ. ನಿಪ್ಪಾಣಿಯ ಪೇಟೆಯಲ್ಲಿ ಮರಾಠಿಯಷ್ಟೇ ಬಲ್ಲ ವ್ಯಾಪಾರಿ, ಕನ್ನಡವಷ್ಟೇ ಬಲ್ಲ ರೈತ ಎದುರುಬದುರು ನಿಂತರೆ ನಡುವೆ ಎರಡೂ ಬಲ್ಲವನೊಬ್ಬ ಬೇಕಲ್ಲವೆ? ಅಂಥ ದುಭಾಷಿಯ ಕೆಲಸವನ್ನು ಮಾಡುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು. ಅದು ಹಳೆಯ ಆಜ್ಞೆಯನ್ನು ಒಂದೊಂದಾಗಿ ಓದುತ್ತದೆ, ಅದರ ಅರ್ಥವನ್ನು ಹೊಸ ಯಂತ್ರಕ್ಕೆ ತಿಳಿಯುವ ಮಾತಿನಲ್ಲಿ ಹೇಳುತ್ತದೆ, ಬಂದ ಉತ್ತರವನ್ನು ಹಳೆಯ ಆಟಕ್ಕೆ ಮುಟ್ಟಿಸುತ್ತದೆ. ಒಂದು ಹಳೆಯ ಆಜ್ಞೆಗೆ ಹತ್ತಾರು ಹೊಸ ಆಜ್ಞೆಗಳು ಬೇಕಾದರೂ ಚಿಂತೆಯಿಲ್ಲ, ಏಕೆಂದರೆ ಹೊಸ ಯಂತ್ರ ನೂರಾರು ಪಟ್ಟು ಚುರುಕು.

ಆದರೆ ಬರೀ ಮಾತು ತಿರುಗಿಸಿದರೆ ಸಾಲದು. ಹಳೆಯ ಯಂತ್ರದಲ್ಲಿ ಪ್ರೊಸೆಸರ್, ಚಿತ್ರದ ಚಿಪ್ಪು, ಸದ್ದಿನ ಭಾಗ ಒಂದೇ ತಾಳಕ್ಕೆ ಕೆಲಸ ಮಾಡುತ್ತಿದ್ದವು. ದುಭಾಷಿಯು ಆ ತಾಳವನ್ನೂ ಕಾಯಬೇಕು. ಚುರುಕಾದ ಹೊಸ ಯಂತ್ರವನ್ನು ಅಲ್ಲಲ್ಲಿ ತಡೆದು ನಿಲ್ಲಿಸಿ, ಹಳೆಯದರ ನಡಿಗೆಯಲ್ಲೇ ನಡೆಸಬೇಕು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದರಿಂದಲೇ ನನಗೆ ಪಾಠವಾಯಿತು.

ಇಷ್ಟೆಲ್ಲ ತಿಳಿಯುವ ಮೊದಲು ನಾನು ಸುಲಭದ ದಾರಿ ಹಿಡಿದು ಮೋಸಹೋದೆ. ಅಥಣಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಬಿಡುವಿನ ವೇಳೆ ಅರ್ಜಿ ಟೈಪು ಮಾಡಿ ಕೂಡಿಸಿದ ಹಣದಿಂದ, ಯಾರೋ ಬಳಸಿ ಮಾರಿದ ಒಂದು ಆಟದ ಕೈಯಂತ್ರವನ್ನು ಕೊಂಡೆ. ಅದು ಲಿನಕ್ಸಿನ ಮೇಲೆ ನಡೆಯುವ ಯಂತ್ರ. ಬೇಕಾದ ಎಮ್ಯುಲೇಟರನ್ನು ಹಾಕಿಕೊಳ್ಳಲು ಯಾರ ಬೀಗವನ್ನೂ ಒಡೆಯಬೇಕಾಗಿಲ್ಲ. ಅದಕ್ಕೆಂದು ಒಬ್ಬ ಅಂಗಡಿಯವರು ‘ಹತ್ತು ಸಾವಿರ ಆಟ’ ತುಂಬಿದ ಮೆಮರಿ ಕಾರ್ಡನ್ನು ಮಾರಿದರು. ಅದರಲ್ಲಿ ನಮ್ಮ ಆಟದ ಹೆಸರೇನೋ ಇತ್ತು. ಆದರೆ ಒಳಗಿದ್ದದ್ದು ಯಾರೋ ತಿದ್ದಿ ಬೇರೆ ಮಾಡಿದ ಪ್ರತಿ. ಎರಡು ವಾರದಲ್ಲಿ ಕಾರ್ಡೇ ಕೆಟ್ಟಿತು.

ಇಲ್ಲಿ ಕಾಯದೆಯ ಮಾತನ್ನೂ ಹೇಳಬೇಕು. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯದೆಯ ಪ್ರಕಾರ ಗಣಕಯಂತ್ರದ ಪ್ರೋಗ್ರಾಮು ‘ಸಾಹಿತ್ಯ ಕೃತಿ’ಗಳ ಸಾಲಿಗೆ ಸೇರುತ್ತದೆ. ಕಲಾ ವಿಭಾಗದ ನಮಗೆ ಇದು ವಿನೋದವೆನಿಸಿದರೂ ನಿಜ. ನ್ಯಾಯವಾಗಿ ಪಡೆದ ಪ್ರತಿಯೊಂದು ನಮ್ಮ ಕೈಯಲ್ಲಿದ್ದರೆ, ಅದು ಹಾಳಾದೀತೆಂಬ ಮುಂಜಾಗ್ರತೆಗಾಗಿ ಅದರಿಂದ ಇನ್ನೊಂದು ಪ್ರತಿ ಮಾಡಿಕೊಳ್ಳಲು ೫೨ನೆಯ ಕಲಮು ಎಡೆಗೊಡುತ್ತದೆ. ಸಾವಿರಾರು ಆಟಗಳನ್ನು ಕಾರ್ಡಿಗೆ ತುಂಬಿ ಮಾರುವದಕ್ಕೆ ಅದು ಎಡೆಗೊಡುವದಿಲ್ಲ. ನಮ್ಮ ಕ್ಯಾಸೆಟ್ಟೂ ಪೇಟೆಯ ತದ್ರೂಪಿನ ಸರಕಾದ್ದರಿಂದ, ಆ ಕಲಮಿನ ನೆರಳು ನನ್ನ ಮೇಲೆ ಪೂರ್ತಿ ಬೀಳುತ್ತದೆಂದು ನಾನು ಹೇಳಿಕೊಳ್ಳಲಾರೆ. ಪ್ರತಿಯನ್ನು ಮನೆಯಲ್ಲಿಟ್ಟಿದ್ದೇನೆ, ಯಾರಿಗೂ ಕೊಟ್ಟಿಲ್ಲ. ಇದನ್ನು ಕಲಿಯಬೇಕೆನ್ನುವ ಗೆಳೆಯರು, ಬರೆದವರೇ ಎಲ್ಲರಿಗೂ ಬಿಟ್ಟುಕೊಟ್ಟಿರುವ ‘ನೋವಾ ದ ಸ್ಕ್ವಿರಲ್’ನಂಥ ಹೊಸ ಆಟಗಳಿಂದ ಪ್ರಾರಂಭಿಸುವದು ಒಳ್ಳೆಯದು. ಅವೂ ಅದೇ ಹಳೆಯ ಯಂತ್ರಕ್ಕಾಗಿಯೇ ಬರೆದವು.

ಕಾರ್ಡು ಕೆಟ್ಟ ಮೇಲೆ ಟ್ರಂಕಿನ ಕ್ಯಾಸೆಟ್ಟೇ ಗತಿಯಾಯಿತು. ರಾಯಬಾಗದ ನನ್ನ ಗೆಳೆಯನೊಬ್ಬ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಾನೆ. ಆರ್ಡುಯಿನೊ ಮೆಗಾ ಎಂಬ ಹಲಗೆಗೆ ಕ್ಯಾಸೆಟ್ ಕೂಡುವ ಬಾಯಿ ಜೋಡಿಸಿ ಚಿಪ್ಪನ್ನು ಓದುವ ಸಾಧನ ಕಟ್ಟಬಹುದು. ಅದರ ನಕಾಶೆ ಯಾರಿಗಾದರೂ ಸಿಗುವಂತಿದೆ. ಅವನು ಅದನ್ನು ಕಟ್ಟಿದ. ಕ್ಯಾಸೆಟ್ಟಿನ ಪಟ್ಟಿಗಳನ್ನು ಮೊದಲು ಎರೇಸರಿನಿಂದ ಮೆಲ್ಲಗೆ ತಿಕ್ಕಿ, ಸ್ಪಿರಿಟ್ ಹಚ್ಚಿದ ಅರಳೆಯಿಂದ ಒರೆಸಿದೆವು. ಸಾಧನವು ಒಂದೊಂದು ವಿಳಾಸವನ್ನು ಕೇಳಿ, ಅಲ್ಲಿಯ ಬೈಟನ್ನು ಪಡೆದು, ಸಾಲಾಗಿ ಬರೆದುಕೊಳ್ಳುತ್ತದೆ. ಎರಡು ಸಲ ಓದಿಸಿ ಎರಡೂ ಪ್ರತಿಗಳನ್ನು ತಾಳೆ ನೋಡಿದೆವು. ಒಂದು ಬೈಟೂ ಭೇದವಿರಲಿಲ್ಲ. ನೆರೆಯ ನೀರು ಕ್ಯಾಸೆಟ್ಟನ್ನು ಮುಟ್ಟಿರಲಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಆ ಫೈಲಿನ ತಲೆಗೆ ೧೬ ಬೈಟುಗಳ ಒಂದು ಚೀಟಿ ಅಂಟಿಸಬೇಕು. ಆಜ್ಞೆಯ ಭಾಗ ಎಷ್ಟು, ಚಿತ್ರದ ಭಾಗ ಎಷ್ಟು, ಹಲಗೆ ಯಾವ ಜಾತಿಯದು ಎಂದು ದುಭಾಷಿಗೆ ತಿಳಿಸುವ ಚೀಟಿ ಅದು. ಹೀಗೆ ೪೦,೯೬೦ ಬೈಟುಗಳಿಗೆ ೧೬ ಸೇರಿ ೪೦,೯೭೬ ಆಯಿತು. ಕೈಯಂತ್ರದಲ್ಲಿ ರೆಟ್ರೋಆರ್ಚ್ ಎಂಬ ತಂತ್ರಾಂಶವಿತ್ತು. ಅದು ಒಂದು ಚಾವಡಿಯಿದ್ದಂತೆ. ಒಂದೊಂದು ಹಳೆಯ ಯಂತ್ರಕ್ಕೆ ಒಂದೊಂದು ದುಭಾಷಿ ಅಲ್ಲಿ ಕೂತಿರುತ್ತಾನೆ. ಅವಕ್ಕೆ ಕೋರ್ ಎನ್ನುತ್ತಾರೆ. ನಾವು ಎಫ್‌ಸಿಇಯುಎಮ್‌ಎಮ್ ಎಂಬ ಕೋರನ್ನು ಆರಿಸಿ ಫೈಲನ್ನು ತೆರೆದೆವು.

ಆಟ ಮೂಡಿತು, ಆದರೆ ಎರಡು ಹೆಜ್ಜೆ ನಡೆಯುತ್ತಲೇ ಚಿತ್ರ ಕಲಸಿಹೋಯಿತು. ಮುಂದೆ ಬರಬೇಕಾದ ಗೋಡೆ ಕಣ್ಣೆದುರಿನ ಗೋಡೆಯ ಮೇಲೇ ಬಂದು ಕೂತಿತು. ಒಂದು ಸಂಜೆಯೆಲ್ಲ ಹುಡುಕಿದ ಮೇಲೆ ತಪ್ಪು ಸಿಕ್ಕಿತು. ಹಳೆಯ ಯಂತ್ರಕ್ಕೆ ಎರಡು ಪರದೆಯಷ್ಟು ಚಿತ್ರವನ್ನು ನೆನಪಿಡುವ ಜಾಗವಿತ್ತು. ಆ ಎರಡನ್ನು ಅಕ್ಕಪಕ್ಕದಲ್ಲಿ ಇಡಬೇಕೋ, ಒಂದರ ಕೆಳಗೊಂದು ಇಡಬೇಕೋ ಎಂಬುದನ್ನು ಇಂಥ ಸಾದಾ ಕ್ಯಾಸೆಟ್ಟಿನಲ್ಲಿ ಹಲಗೆಯ ಮೇಲಿನ ಒಂದು ಬೆಸುಗೆ ತೀರ್ಮಾನಿಸುತ್ತದೆ. ಅದು ಚಿಪ್ಪಿನ ಬರಹದಲ್ಲಿ ಇರುವದಿಲ್ಲ; ಚೀಟಿಯಲ್ಲಿ ನಾವೇ ಬರೆಯಬೇಕು. ಬಲಗಡೆಗೆ ಸರಿಯುವ ನಮ್ಮ ಆಟಕ್ಕೆ ಅಕ್ಕಪಕ್ಕದ ಪರದೆ ಬೇಕು. ನಾವು ಏಳನೆಯ ಬೈಟಿನಲ್ಲಿ ೧ ಬರೆಯುವ ಬದಲು ೦ ಬರೆದಿದ್ದೆವು. ತಿದ್ದಿದ ಕೂಡಲೇ ಆಟ ನೆಟ್ಟಗಾಯಿತು. ನಾನು ಬಹಳ ಹಿಗ್ಗಿದೆ.

ಮರುದಿನ ಅಣ್ಣನ ಕೈಯಲ್ಲಿ ಯಂತ್ರವಿಟ್ಟೆ. ಅವನ ಮುಖ ಅರಳಿತು. ಆದರೆ ಮೊದಲ ಹಳ್ಳದಲ್ಲೇ ಬಿದ್ದ, ಮತ್ತೆ ಬಿದ್ದ, ಮೂರನೆಯ ಸಲವೂ ಬಿದ್ದ. ಕಣ್ಣು ಮುಚ್ಚಿ ದಾಟುತ್ತಿದ್ದ ಹಳ್ಳ ಅದು.

“ಇದು ನಮ್ಮ ಆಟ ಅಲ್ಲೋ ತಮ್ಮಾ” ಅಂದ. “ಇದಕ್ಕ ಭಾಳ ಅವಸರ ಐತಿ.”

“ಅಣ್ಣಾ, ಅದss ಕ್ಯಾಸೆಟ್ಟು. ಒಂದು ಅಕ್ಷರಾನೂ ಬದಲಾಗಿಲ್ಲ. ರೂಢಿ ತಪ್ಪಿ ನಿನ್ನ ಕೈ ಮರತಾವ” ಅಂದೆ.

“ಕೈ ಮರತಿರಬಹುದು. ಕಿವಿ ಮರೀತಾವೇನು? ಹಾಡೂ ಓಡಾಕತ್ತೈತಲ್ಲ” ಎಂದು ಯಂತ್ರವನ್ನು ನನಗೆ ಕೊಟ್ಟು ಪಾಳಿಗೆ ಹೊರಟುಹೋದ.

ನನಗೆ ಬೇಸರವಾಯಿತು. ೪೦,೯೭೬ ಬೈಟುಗಳನ್ನು ಎಣಿಸಿ ತಾಳೆ ನೋಡಿದವನು ನಾನು. ಇವನಿಗೇನು ತಿಳಿದೀತು ಎಂಬ ಬಿಂಕ ಮನಸ್ಸಿನಲ್ಲಿ ಇತ್ತೆಂದು ಒಪ್ಪಿಕೊಳ್ಳಲೇಬೇಕು. ಆದರೂ ಅವನ ಮಾತು ಕಿವಿಯಲ್ಲಿ ಉಳಿಯಿತು. ಕೋರಿನ ಆಯ್ಕೆಗಳನ್ನು ಒಂದೊಂದಾಗಿ ಓದುತ್ತ ಹೋದಾಗ ಅವನೇ ಸರಿಯೆಂದು ತಿಳಿಯಿತು.

ಸಂಗತಿ ಹೀಗಿದೆ. ಜಪಾನ್ ಮತ್ತು ಅಮೆರಿಕದ ಟಿವಿಗಳಿಗಾಗಿ ಮಾಡಿದ ಯಂತ್ರ ಸೆಕೆಂಡಿಗೆ ೬೦ ಚಿತ್ರಗಳನ್ನು ಬರೆಯುತ್ತದೆ. ಭಾರತದ ಟಿವಿಗಳು ಪಾಲ್ ಪದ್ಧತಿಯವು. ಅದರ ಲೆಕ್ಕ ಸೆಕೆಂಡಿಗೆ ೫೦. ಪಾಲ್ ದೇಶಗಳಿಗಾಗಿ ತಯಾರಾದ ತದ್ರೂಪು ಯಂತ್ರಗಳು ೫೦ರ ಲೆಕ್ಕದಲ್ಲೇ ನಡೆಯುತ್ತಿದ್ದವು. ಈ ಆಟದಲ್ಲಿ ಓಟ, ನೆಗೆತ, ಹಾಡಿನ ತಾಳ, ಗಡಿಯಾರ ಎಲ್ಲವೂ ಚಿತ್ರಗಳ ಎಣಿಕೆಗೆ ಕಟ್ಟಿಹಾಕಿದವು. ಗಡಿಯಾರದ ಒಂದು ಅಂಕಿ ಇಳಿಯಲು ೨೪ ಚಿತ್ರಗಳು ಸರಿಯಬೇಕು. ಮೊದಲನೆಯ ಹಂತದ ೪೦೦ ಅಂಕಿಗಳು ತೀರಲು ಜಪಾನಿನ ಲೆಕ್ಕದಲ್ಲಿ ೧೬೦ ಸೆಕೆಂಡು, ನಮ್ಮ ಲೆಕ್ಕದಲ್ಲಿ ೧೯೨ ಸೆಕೆಂಡು. ಅಣ್ಣನ ಬೆರಳು ಕಲಿತದ್ದು ಆ ನಿಧಾನದ ಆಟವನ್ನು. ಎಮ್ಯುಲೇಟರ್ ತಾನಾಗಿ ಹಿಡಿದದ್ದು ಜಪಾನಿನ ನಡಿಗೆಯನ್ನು. ಬೈಟುಗಳು ಅವೇ, ತಾಳ ಬೇರೆ. ಫೈಲಿನಲ್ಲಿ ಎಲ್ಲಿಯೂ ‘ಇದನ್ನು ನಿಪ್ಪಾಣಿಯ ಯಂತ್ರದಲ್ಲಿ ಆಡುತ್ತಿದ್ದರು’ ಎಂದು ಬರೆದಿರಲಿಲ್ಲ.

ಇಂಥ ತದ್ರೂಪುಗಳಿಗಾಗಿಯೇ ಆ ಕೋರಿನಲ್ಲಿ ‘ಡೆಂಡಿ’ ಎಂಬ ಒಂದು ಆಯ್ಕೆ ಇದೆ. ಡೆಂಡಿ ಎಂಬುದು ರಶಿಯಾದಲ್ಲಿ ೧೯೯೦ರ ದಶಕದಲ್ಲಿ ಹೆಸರಾದ ತದ್ರೂಪು ಯಂತ್ರ. ಅದರಲ್ಲಿ ಪ್ರೊಸೆಸರಿನ ಮಿಡಿತ ಹೆಚ್ಚುಕಡಿಮೆ ಜಪಾನಿನದೇ ಇದ್ದು, ಚಿತ್ರಗಳ ಎಣಿಕೆ ಮಾತ್ರ ೫೦ ಇರುತ್ತದೆ. ಆದ್ದರಿಂದ ಹಾಡಿನ ಶ್ರುತಿ ಕೆಡದೆ ತಾಳವಷ್ಟೇ ನಿಧಾನವಾಗುತ್ತದೆ. ಆ ಆಯ್ಕೆಯನ್ನು ಒತ್ತಿ ಅಣ್ಣ ಬರುವ ದಾರಿ ಕಾದೆ. ಬೆಳಗಿನ ಜಾವ ಅವನು ಪಾಳಿ ಮುಗಿಸಿ ಬಂದ. ನಾನು ಏನನ್ನೂ ಹೇಳದೆ ಯಂತ್ರ ಕೊಟ್ಟೆ. ಹಾಡು ಶುರುವಾದಾಗಲೇ ತಲೆ ಎತ್ತಿ ನನ್ನನ್ನು ನೋಡಿದ. ಹಳ್ಳ ದಾಟಿದ. ಮೊದಲನೆಯ ಲೋಕ ಮುಗಿಯುವವರೆಗೆ ಒಂದು ಸಲವೂ ಬೀಳಲಿಲ್ಲ.

“ಹಾಂ, ಇದು” ಎಂದಷ್ಟೇ ಅಂದ. “ನಿನ್ನ ಮಾತss ಖರೇ ಆತು ಅಣ್ಣಾ, ನಂದ ತಪ್ಪು” ಎಂದೆ. ಅವ್ವ ಚಹಾ ತಂದು ಇಬ್ಬರ ನಡುವೆ ಇಟ್ಟಳು.

ಇದರಿಂದ ನಾನು ತಿಳಿದದ್ದು ಇಷ್ಟು. ಹಳೆಯದೊಂದು ವಸ್ತು ಉಳಿಯಬೇಕಾದರೆ ಮೂರು ಬೇಕು. ಒಂದು, ಅದರ ನಿಷ್ಕೃಷ್ಟ ಪ್ರತಿ. ಎರಡು, ಅದನ್ನು ಓದಬಲ್ಲ ದುಭಾಷಿ. ಮೂರು, ಅದು ಹೇಗಿತ್ತೆಂದು ಬಲ್ಲ ಮನುಷ್ಯ. ನಮ್ಮ ಟ್ರಂಕಿನಲ್ಲಿ ಆ ಕ್ಯಾಸೆಟ್ಟಿನ ಕೆಳಗೇ ಹೊಲದ ಒಂದು ಹಳೆಯ ಕಾಗದವಿದೆ. ಅದು ಮೋಡಿ ಲಿಪಿಯಲ್ಲಿದೆ. ಬೆಳಗಾವಿ ಜಿಲ್ಲೆ ೧೯೫೬ರ ವರೆಗೆ ಮುಂಬಯಿಯ ಆಡಳಿತದಲ್ಲಿ ಇದ್ದದ್ದರಿಂದ ಇಂಥ ಕಾಗದಗಳು ನಮ್ಮ ಭಾಗದ ಎಷ್ಟೋ ಮನೆಗಳಲ್ಲಿವೆ. ಕಾಗದ ಉಳಿದಿದೆ, ಮಸಿಯೂ ಮಾಸಿಲ್ಲ. ಓದುವವರು ನಮ್ಮ ಊರಲ್ಲಿ ಒಬ್ಬರೂ ಇಲ್ಲ. ಆಟದ ಪ್ರಪಂಚದಲ್ಲೂ ಇದೇ ಸ್ಥಿತಿ. ಅಮೆರಿಕದಲ್ಲಿ ೨೦೧೦ಕ್ಕಿಂತ ಮೊದಲು ಹೊರಬಂದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಅಂಗಡಿಯಲ್ಲಿ ಕೊಳ್ಳಲು ಸಿಗುವದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ತಿಳಿಸಿತು. ಕಂಪನಿಗಳು ತಾವೇ ತೆರೆದ ಮಾರಾಟದ ಕಟ್ಟೆಗಳೂ ಮುಚ್ಚುತ್ತವೆ. ನಿಂಟೆಂಡೊ ತನ್ನ ವೀ ಯಂತ್ರದ ಕಟ್ಟೆಯನ್ನು ೨೦೧೯ರಲ್ಲಿ, ೩ಡಿಎಸ್ ಮತ್ತು ವೀ ಯು ಯಂತ್ರಗಳದನ್ನು ೨೦೨೩ರಲ್ಲಿ ಮುಚ್ಚಿತು. ಹಳೆಯ ಆಟಗಳು ಅವುಗಳ ಮೂಲಕವೂ ಮಾರಾಟವಾಗುತ್ತಿದ್ದವು.

ಆದ್ದರಿಂದ ವಾಚಕ ಮಿತ್ರರಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿರಿ. ಒಣಗಿದ ಜಾಗದಲ್ಲಿ, ಎತ್ತರದಲ್ಲಿ ಇಡಿರಿ. ನಮ್ಮ ನದಿಗಳನ್ನು ನಂಬುವಂತಿಲ್ಲ. ಪಟ್ಟಿಗಳನ್ನು ಒರೆಸಿಡಿರಿ. ಪ್ರತಿ ಮಾಡಿದರೆ ಎರಡು ಸಲ ಮಾಡಿ ತಾಳೆ ನೋಡಿರಿ. ಎಲ್ಲಕ್ಕೂ ಮಿಗಿಲಾಗಿ, ಅದನ್ನು ಆಡಿದವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿರಿ. ನಮ್ಮ ಮನೆಯಲ್ಲಿ ಬ್ಯಾಂಕಿನ ಕಾಗದ, ಕಾರಖಾನೆಯ ನೋಟೀಸು ಬಂದರೆ ಓದಿ ಹೇಳುವವನು ನಾನೊಬ್ಬನೇ. ಆದ್ದರಿಂದ ತಿಳಿದವನು ನಾನು, ತಿಳಿಯಬೇಕಾದವರು ಅವರು ಎಂದು ಎಣಿಸಿದ್ದೆ. ಒಂದು ಹಳ್ಳವನ್ನು ಮೂರು ಸಲ ಬಿದ್ದು ಅಣ್ಣ ಆ ಎಣಿಕೆಯನ್ನು ತಿದ್ದಿದ. ಈ ವರುಷ ನನ್ನ ಹೆಸರಿನ ಮುಂದೆ ಎರಡು ಅಕ್ಷರ ಸೇರಬಹುದು. ಅದರಲ್ಲಿ ಅವನ ಪಾಲೂ ಇದೆಯೆಂದು ಇಲ್ಲಿ ಬರೆದಿಟ್ಟು ಲೇಖನವನ್ನು ಮುಗಿಸುತ್ತೇನೆ.